ಬೆಕ್ಕಿಗೆ ದಿನಕ್ಕೆರಡು ಸೂಜಿ: ನಮ್ಮ ಮನೆಯ ಐದು ತಿಂಗಳು

ಮೊದಲು ಸುಳಿವು ಕೊಟ್ಟದ್ದು ಇರುವೆಗಳು. ಫೆಬ್ರವರಿ ಕೊನೆಯ ವಾರ. ನಮ್ಮ ಬೆಕ್ಕು ಕೆಂಚ ಹಿತ್ತಲಲ್ಲಿಟ್ಟ ಪ್ಲಾಸ್ಟಿಕ್ ಪುಟ್ಟಿಯ ಮರಳಿನಲ್ಲಿ ಉಚ್ಚೆ ಹೊಯ್ಯುತ್ತಾನೆ. ಅದರ ಸುತ್ತ ಕರಿ ಇರುವೆ ಸಾಲುಗಟ್ಟಿದ್ದವು. ಯಾರೋ ಬೆಲ್ಲ ಚೆಲ್ಲಿರಬೇಕು ಅಂದುಕೊಂಡು ಗುಡಿಸಿ ಹಾಕಿದೆ. ಮರುದಿನ ಮತ್ತೆ ಅಷ್ಟೇ ಸಾಲು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ನಮ್ಮಪ್ಪಗ ಸಕ್ರಿ ಬ್ಯಾನಿ ಇದ್ದಾಗ ಬಚ್ಚಲದಾಗ ಹಿಂಗ ಇರಿವಿ ಮುತ್ತತಿದ್ವು ನೋಡವಾ" ಅಂದರು.

ಬೆಕ್ಕಿಗೆ ಸಕ್ಕರೆ ಕಾಯಿಲೆಯಾ ಅಂತ ನನಗೆ ನಂಬಿಕೆ ಬರಲಿಲ್ಲ. ಆದರೆ ಆವತ್ತಿನಿಂದ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಕೆಂಚ ಬಕೆಟ್ಟಿನ ಮುಂದೆ ಕೂತು ನೀರು ಕುಡಿದೇ ಕುಡಿಯುತ್ತಿದ್ದ. ಊಟ ಮೊದಲಿಗಿಂತ ಜಾಸ್ತಿ, ಮೈ ಮಾತ್ರ ಕರಗುತ್ತಿತ್ತು. ಹಿಂದಿನ ವರ್ಷ ಆರೂವರೆ ಕಿಲೋ ಇದ್ದವನು ಐದಕ್ಕೆ ಬಂದಿದ್ದ. ಕಟ್ಟೆಗೆ ಹಾರುವುದನ್ನು ಬಿಟ್ಟಿದ್ದ. ನಡೆಯುವಾಗ ಹಿಂಗಾಲಿನ ಹಿಮ್ಮಡಿ ಪೂರ್ತಿ ನೆಲಕ್ಕೆ ಊರುತ್ತಿದ್ದ. ಒಂಬತ್ತು ವರ್ಷ ಆಯಿತಲ್ಲ, ವಯಸ್ಸಾಗಿದೆ ಅಂದುಕೊಂಡಿದ್ದೆ. ಸಕ್ಕರೆ ಜಾಸ್ತಿಯಾಗಿ ಕಾಲಿನ ನರ ಸೋತರೆ ಬೆಕ್ಕು ಹಾಗೆ ನಡೆಯುತ್ತದೆ ಅಂತ ಗೊತ್ತಾದದ್ದು ಆಮೇಲೆ. ನಿಮ್ಮ ಬೆಕ್ಕು ಹಾಗೆ ನಡೆದರೆ ಒಂದು ದಿನವೂ ಕಾಯಬೇಡಿ.

ವಿಜಯಪುರದಲ್ಲಿ ಪಶು ಆಸ್ಪತ್ರೆ ಅಂದರೆ ಎಮ್ಮೆ, ಎತ್ತು, ಆಡುಗಳದ್ದೇ ಸಂತೆ. ಕೆಂಚನನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ಎರಡೂವರೆ ತಾಸು ಕಾದೆ. ಪಕ್ಕದಲ್ಲೇ ಒಂದು ಎಮ್ಮೆ ಒದರುತ್ತಿತ್ತು. ಅವನು ಬಾಯಿ ತೆರೆದು ಏದುಸಿರು ಬಿಡುತ್ತಿದ್ದ. ಕೊನೆಗೆ ಒಳಗೆ ಹೋಗಿ ರಕ್ತ ನೋಡಿದಾಗ ಸಕ್ಕರೆ 412.

ನನ್ನ ಕೈ ನಡುಗಿತು. ಡಾಕ್ಟರು ಮಾತ್ರ ಅವಸರ ಮಾಡಲಿಲ್ಲ. "ನೋಡ್ರಿ ಅಕ್ಕಾರ, ಬೆಕ್ಕು ಹೆದರಿದ್ರ ಸಕ್ಕರಿ ಹಂಗೇ ಏರತದ. ಈ ಒಂದು ನಂಬರ್ ನಂಬಿ ಇನ್ಸುಲಿನ್ ಶುರು ಮಾಡಾಕ ಬರೂದಿಲ್ಲ" ಅಂದರು. ಎರಡು ಪರೀಕ್ಷೆ ಬರೆದುಕೊಟ್ಟರು. ಒಂದು ಮೂತ್ರದ್ದು. ಇನ್ನೊಂದು ಫ್ರಕ್ಟೋಸಮೀನ್ ಅನ್ನುವ ರಕ್ತ ಪರೀಕ್ಷೆ. ನಮಗೆ ಮೂರು ತಿಂಗಳ ಸರಾಸರಿ ನೋಡುವ ಪರೀಕ್ಷೆ ಮಾಡುತ್ತಾರಲ್ಲ, ಹಾಗೆ ಇದು ಹಿಂದಿನ ಎರಡು ಮೂರು ವಾರದ ಸಕ್ಕರೆಯನ್ನು ತೋರಿಸುತ್ತದೆ. ಒಂದು ದಿನದ ಹೆದರಿಕೆಯಿಂದ ಅದು ಏರುವುದಿಲ್ಲ.

ಬೆಕ್ಕಿನ ಮೂತ್ರ ಹಿಡಿಯುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಖಾಲಿ ಪುಟ್ಟಿ ಇಟ್ಟರೆ ಕೆಂಚ ಹತ್ತಿರವೂ ಹೋಗಲಿಲ್ಲ. ಎರಡು ದಿನ ಹೀಗೇ ಕಳೆಯಿತು. ಕೊನೆಗೆ ಮೀನಿನ ಗಾಜಿನ ಪೆಟ್ಟಿಗೆಗೆ ಹಾಕುವ ಸಣ್ಣ ಹರಳುಕಲ್ಲು ತಂದು, ತೊಳೆದು ಒಣಗಿಸಿ ಹರಡಿದೆ. ಅವು ನೀರು ಹೀರುವುದಿಲ್ಲ. ಮರಳು ಅಂದುಕೊಂಡು ಕೆಂಚ ಹೊಯ್ದ. ಪುಟ್ಟಿ ವಾಲಿಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದುಕೊಂಡು ಓಡಿದೆ. ಸಕ್ಕರೆ ಮೂರು ಪ್ಲಸ್, ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿಕೊಳ್ಳುವಾಗ ಬರುವ ಅಂಶ) ಇಲ್ಲ. ಕೀಟೋನ್ ಇದ್ದು, ಬೆಕ್ಕು ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಅದು ಮನೆಯಲ್ಲಿ ನೋಡಿಕೊಳ್ಳುವ ಮಾತೇ ಅಲ್ಲ, ಕೂಡಲೇ ಅಡ್ಮಿಟ್ ಮಾಡಬೇಕಂತೆ. ಅಷ್ಟರ ಮಟ್ಟಿಗೆ ನಾವು ಬಚಾವಾಗಿದ್ದೆವು. ರಕ್ತ ಬೆಂಗಳೂರಿನ ಲ್ಯಾಬಿಗೆ ಹೋಗಿ ರಿಪೋರ್ಟ್ ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಅವನು ನೀರು ಕುಡಿಯುವ ಸದ್ದು ಕೇಳಿದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ರಿಪೋರ್ಟಿನಲ್ಲೂ ಜಾಸ್ತಿಯೇ ಬಂತು.

ಡಾಕ್ಟರು ಹಳೇ ಔಷಧಿಗಳ ಬಗ್ಗೆ ಕೇಳಿದರು. ಹಿಂದಿನ ವರ್ಷ ಮೈ ತುರಿಕೆಗೆ ಅಂತ ಬೇರೆ ಕಡೆ ಎರಡು ಸಲ ಸೂಜಿ ಹಾಕಿಸಿದ್ದೆ. ಚೀಟಿ ತೋರಿಸಿದರೆ, ಬಹಳ ದಿನ ಮೈಯಲ್ಲಿ ಉಳಿಯುವ, ಸಕ್ಕರೆ ಏರಿಸುವ ಸ್ಟಿರಾಯ್ಡ್. ಅದೊಂದೇ ಕಾರಣ ಅಂತ ಹೇಳಲು ಬರುವುದಿಲ್ಲ ಅಂದರು. ಗಂಡು ಬೆಕ್ಕು, ಬೀಜ ತೆಗೆಸಿದ್ದು, ದಪ್ಪ ಮೈ, ವಯಸ್ಸು, ಇವೆಲ್ಲ ಮೊದಲೇ ಸೇರಿದ್ದವು. ಅದರ ಮೇಲೆ ಸ್ಟಿರಾಯ್ಡ್. ಆವತ್ತು ಯಾರೂ ನನಗೆ ಈ ಮಾತು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನೀವು ಕೇಳಿ. ಸೂಜಿ ಹಾಕುವ ಮುಂಚೆ ಹೆಸರು ಬರೆಸಿಕೊಳ್ಳಿ, ಚೀಟಿ ಎತ್ತಿಡಿ.

"ಹನ್ನೆರಡು ತಾಸಿಗೊಮ್ಮೆ ಸೂಜಿ. ಹಬ್ಬ, ಜಾತ್ರಿ, ಮದುವಿ, ಏನಿದ್ರೂ ತಪ್ಪುವಂಗಿಲ್ಲ. ಆಗ್ತದೇನ್ರಿ?" ಅಂತ ಡಾಕ್ಟರು ಕೇಳಿದಾಗ ನಾನು ಹೂಂ ಅಂದೆ. ಹೊರಗೆ ಬಂದು ಸ್ಕೂಟಿ ಮೇಲೆ ಕೂತು ಅತ್ತುಬಿಟ್ಟೆ. ಶಾಲೆಗೆ ಎಂಟೂವರೆಗೆ ಹೊರಡಬೇಕು. ಮನೆಯಲ್ಲಿ ಅತ್ತೆಯವರ ಸಕ್ಕರೆ ಬೇರೆ. ಬಂಧುಗಳು ಬೆಕ್ಕಿಗೆ ಇಷ್ಟು ಖರ್ಚಾ ಅಂತ ಮುಖದ ಮೇಲೆಯೇ ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬುಟ್ಟಿಯ ಸಂದಿಯಿಂದ ಅವನು ನನ್ನನ್ನೇ ನೋಡುತ್ತಿದ್ದ, ಅಷ್ಟೇ.

ಇನ್ನು ಸೂಜಿಯ ಕಥೆ. ಬೇರೆಲ್ಲ ಬಿಟ್ಟರೂ ಇದೊಂದನ್ನು ದಯವಿಟ್ಟು ನಿಧಾನವಾಗಿ ಓದಿ.

ಬರೆದುಕೊಟ್ಟದ್ದು ಗ್ಲಾರ್ಜಿನ್ ಅನ್ನುವ ಇನ್ಸುಲಿನ್, ಮನುಷ್ಯರು ಹಾಕಿಕೊಳ್ಳುವುದೇ. 1 ಯುನಿಟ್, ಬೆಳಿಗ್ಗೆ ಸಂಜೆ. ಹತ್ತು ಎಂಎಲ್ ಬಾಟಲಿಯಲ್ಲಿ 1000 ಯುನಿಟ್ ಇರುತ್ತದೆ, ಬೆಕ್ಕಿಗೆ ಅಷ್ಟು ಮುಗಿಯುವುದೇ ಇಲ್ಲ. ಹಾಗಾಗಿ ಇನ್ಸುಲಿನ್ ಪೆನ್ನಿಗೆ ಹಾಕುವ 3 ಎಂಎಲ್ ಕಾರ್ಟ್ರಿಜ್ ತಂದು, ಅದರಿಂದ ಸಿರಿಂಜಿನಲ್ಲಿ ಎಳೆದುಕೊಳ್ಳಿ ಅಂದರು. ಪೆನ್ನು ಯಾಕೆ ಬೇಡ ಅಂದರೆ, ಸಾಮಾನ್ಯ ಪೆನ್ನಿನಲ್ಲಿ ಅರ್ಧ ಯುನಿಟ್ ಬರುವುದಿಲ್ಲ. ಬೆಕ್ಕಿಗೆ ಅರ್ಧ ಯುನಿಟ್ಟೂ ದೊಡ್ಡದೇ.

ಗಾಂಧಿ ಚೌಕದ ಹತ್ತಿರ ಒಂದು ಮೆಡಿಕಲ್ ಅಂಗಡಿಯಲ್ಲಿ ಎಲ್ಲ ತಂದೆ. ಸಂಜೆ ಏಳಕ್ಕೆ ಅಡುಗೆಮನೆ ಕಟ್ಟೆ ಮೇಲೆ ಇಟ್ಟುಕೊಂಡು ಸಿರಿಂಜ್ ಬಿಚ್ಚುತ್ತಿದ್ದೆ. ಅತ್ತೆ ಪಕ್ಕದಲ್ಲೇ ಕೂತು ತಮ್ಮ ಸೂಜಿ ತುಂಬುತ್ತಿದ್ದರು. ಅವರು ಹದಿನಾಲ್ಕು ವರ್ಷದಿಂದ ತಾವೇ ಹಾಕಿಕೊಳ್ಳುತ್ತಾರೆ. ನನ್ನ ಕೈ ಹಿಡಿದು ನಿಲ್ಲಿಸಿದರು. "ತಡಿ. ನನ್ನ ಸೂಜಿಗೂ ಕೆಂಪ ಟೊಪಗಿ, ಇದಕ್ಕೂ ಕೆಂಪ ಟೊಪಗಿ. ನನ್ನ ಬಾಟ್ಲಿ ಮ್ಯಾಲ ನಲವತ್ತು ಅಂತ ಅದ. ಇದರ ಮ್ಯಾಲ ಏನದ ನೋಡು."

100 ಅಂತ ಇತ್ತು.

ನಮ್ಮಲ್ಲಿ ಹೆಚ್ಚಾಗಿ ಎರಡು ಥರದ ಇನ್ಸುಲಿನ್ ಸಿಗುತ್ತದೆ. ಒಂದು ಎಂಎಲ್‌ಗೆ 40 ಯುನಿಟ್ ಇರುವುದು, 100 ಯುನಿಟ್ ಇರುವುದು. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕೇಸರಿ ಮುಚ್ಚಳದ್ದು. ಗೆರೆಗಳು ನೋಡಲು ಒಂದೇ ಥರ. ಆದರೆ 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ ಒಂದು ಗೆರೆ ಎಳೆದರೆ ಒಳಗೆ ಹೋಗುವುದು ಒಂದು ಯುನಿಟ್ ಅಲ್ಲ, ಎರಡೂವರೆ. ಮೊದಲ ದಿನವೇ ಕೆಂಚನಿಗೆ ಎರಡೂವರೆ ಪಟ್ಟು ಬೀಳುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತು ಬೇಡವೇ ಬೇಡ, ನಾಳೆ ಸರಿಯಾದ ಸಿರಿಂಜ್ ತಂದು ಶುರು ಮಾಡಿ ಅಂದರು. ಮರುದಿನ ಮೂರು ಅಂಗಡಿ ಸುತ್ತಿ, ಸೊಲ್ಲಾಪುರ ರಸ್ತೆಯಲ್ಲಿ ಕೇಸರಿ ಮುಚ್ಚಳದ್ದು ಸಿಕ್ಕಿತು. ಅರ್ಧರ್ಧ ಯುನಿಟ್ಟಿಗೂ ಗೆರೆ ಇರುವ 0.3 ಎಂಎಲ್ ಸಿರಿಂಜ್ ಊರಲ್ಲಿ ಸಿಗಲೇ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ, ಆರು ದಿನ ಬೇಕಾಯಿತು. ಇವುಗಳನ್ನು ಮೊದಲೇ ತರಿಸಿಟ್ಟುಕೊಂಡು ಆಮೇಲೆ ಶುರು ಮಾಡಿ. ಈಗ ನಮ್ಮ ಫ್ರಿಜ್ಜಿನಲ್ಲಿ ಅತ್ತೆಯವರದ್ದು ಒಂದು ಸ್ಟೀಲ್ ಡಬ್ಬಿ, ಕೆಂಚನದ್ದು ಇನ್ನೊಂದು. ಸಿರಿಂಜುಗಳಂತೂ ಬೇರೆ ಬೇರೆ ಕಪಾಟಿನಲ್ಲಿವೆ.

ಸೂಜಿ ಹಾಕುವುದು ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ಪಕ್ಕೆಯ ಮೇಲಿನ ಸಡಿಲ ಚರ್ಮವನ್ನು ಡೇರೆಯ ಹಾಗೆ ಎತ್ತಬೇಕು, ಬುಡದಲ್ಲಿ ಚುಚ್ಚಬೇಕು. ಅವನು ಊಟ ಮಾಡುತ್ತಿರುವಾಗ ಹಾಕಿದರೆ ತಲೆಯನ್ನೂ ಎತ್ತುವುದಿಲ್ಲ. ಮೂರನೇ ದಿನ ಮಾತ್ರ ಸೂಜಿ ಚರ್ಮದ ಆಚೆ ಬಂದು ಔಷಧಿ ಕೂದಲ ಮೇಲೆ ಹೋಯಿತು. ಮುಟ್ಟಿದರೆ ಒದ್ದೆ. ಹೀಗಾದರೆ ಮತ್ತೊಂದು ಹಾಕಬೇಡಿ. ಎಷ್ಟು ಒಳಗೆ ಹೋಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ಹೊತ್ತಿನವರೆಗೆ ಕಾಯಬೇಕು. ಒಂದು ಹೊತ್ತು ಸಕ್ಕರೆ ಜಾಸ್ತಿಯಿದ್ದರೆ ಬೆಕ್ಕು ತಡೆದುಕೊಳ್ಳುತ್ತದೆ, ತೀರಾ ಇಳಿದರೆ ಜೀವಕ್ಕೇ ಕುತ್ತು.

ಕಷ್ಟ ಆದದ್ದು ಕಿವಿ ಚುಚ್ಚಿ ರಕ್ತ ನೋಡುವುದು. ಆಸ್ಪತ್ರೆಯಲ್ಲಿ ನೋಡಿದರೆ ಹೆದರಿಕೆಯ ನಂಬರ್ ಬರುತ್ತದೆ, ಆದ್ದರಿಂದ ಮನೆಯಲ್ಲೇ ನೋಡಿ ಅಂದಿದ್ದರು. ಮೊದಲ ದಿನ ಸಕ್ಕರೆ ನೋಡುವ ಮಷಿನ್ನಿಗೆ ಹಾಕುವ ಏಳು ಸ್ಟ್ರಿಪ್ ಹಾಳಾದವು. ಒಂದಕ್ಕೆ ಹದಿನೆಂಟು ಇಪ್ಪತ್ತು ರೂಪಾಯಿ. ಚುಚ್ಚಿದರೆ ರಕ್ತವೇ ಬರುವುದಿಲ್ಲ. ಬಂದರೆ ಕೂದಲಿಗೆ ಹರಡಿಕೊಳ್ಳುತ್ತದೆ. ಅವನು ತಲೆ ಕೊಡವಿದರೆ ಗೋಡೆಗೆಲ್ಲ ಚುಕ್ಕೆ. ನಾನು ಅಡುಗೆಮನೆ ನೆಲದ ಮೇಲೆ ಕೂತು ಅವನ ಹತ್ತಿರ ಕ್ಷಮೆ ಕೇಳಿದೆ.

ಒಂದು ವಾರದಲ್ಲಿ ದಾರಿ ಸಿಕ್ಕಿತು. ಹಳೇ ಬಟ್ಟೆಯಲ್ಲಿ ಒಂದು ಹಿಡಿ ಅಕ್ಕಿ ಗಂಟು ಕಟ್ಟಿ, ರೊಟ್ಟಿ ಹಂಚಿನ ಮೇಲೆ ಬಿಸಿ ಮಾಡುತ್ತೇನೆ. ನನ್ನ ಕೆನ್ನೆಗೆ ಹಿಡಿದು ನೋಡಿ, ಹಿತವಾಗಿದ್ದರೆ ಮಾತ್ರ ಕಿವಿಗೆ ಒತ್ತುತ್ತೇನೆ. ಒಂದು ನಿಮಿಷಕ್ಕೆ ಕಿವಿಯ ಅಂಚು ಕೆಂಪಗಾಗುತ್ತದೆ. ದೀಪಕ್ಕೆ ಹಿಡಿದರೆ ಅಂಚಿನಲ್ಲೇ ಓಡುವ ತೆಳ್ಳನೆಯ ರಕ್ತನಾಳ ಕಾಣುತ್ತದೆ. ಚುಚ್ಚುವುದು ಅದಕ್ಕಲ್ಲ, ಅದಕ್ಕೂ ಅಂಚಿಗೂ ನಡುವೆ. ಅಲ್ಲಿ ಚೂರೇ ಚೂರು ವ್ಯಾಸಲೀನ್ ಸವರಿದರೆ ರಕ್ತ ಹರಡದೆ ಸಾಸಿವೆ ಕಾಳಿನಂತೆ ನಿಲ್ಲುತ್ತದೆ. ಹಿಂದೆ ಹತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸೂಜಿ ನಿಮ್ಮ ಬೆರಳಿಗೇ ಬರುತ್ತದೆ. ಆಮೇಲೆ ಹತ್ತಿಯಿಂದ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಕಪ್ಪು ಕಲೆ ಕಟ್ಟುವುದಿಲ್ಲ. ರಕ್ತ ಬರಲಿ ಬಿಡಲಿ, ಪ್ರತಿ ಸಲ ಒಂದು ಚೂರು ತಿನ್ನಲು ಕೊಡಿ. ಈಗ ಅಕ್ಕಿ ಗಂಟು ಹಂಚಿಗೆ ಇಟ್ಟರೆ ಸಾಕು, ಕೆಂಚ ತಾನೇ ಬಂದು ಮಣೆಯ ಪಕ್ಕ ಕೂರುತ್ತಾನೆ.

ಮಷಿನ್ ಅತ್ತೆಯವರದ್ದೇ. ಮನುಷ್ಯರ ಮಷಿನ್ ಬೆಕ್ಕಿನ ಸಕ್ಕರೆಯನ್ನು ಸ್ವಲ್ಪ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆ ಅಂತಲೇ ಬೇರೆ ಮಷಿನ್ ಇದೆ, ಅದು ದುಬಾರಿ. ಡಾಕ್ಟರು, "ಇದ್ದದ್ದರಲ್ಲೇ ನೋಡ್ರಿ, ಆದ್ರ ಮಷಿನ್ ಬದಲಿ ಮಾಡಬ್ಯಾಡ್ರಿ" ಅಂದರು.

ಒಂದು ವಾರ ಆದ ಮೇಲೆ ಭಾನುವಾರ ಇಡೀ ದಿನ ಎರಡೆರಡು ತಾಸಿಗೆ ನೋಡಿ ಬರೆದೆ. ಬೆಳಿಗ್ಗೆ ಏಳಕ್ಕೆ 388. ಒಂಬತ್ತಕ್ಕೆ 352, ಹನ್ನೊಂದಕ್ಕೆ 296, ಒಂದಕ್ಕೆ 251. ಆಮೇಲೆ ಮತ್ತೆ ಏರುತ್ತಾ ಸಂಜೆ ಏಳಕ್ಕೆ 371. ಇದರಲ್ಲಿ ಮುಖ್ಯವಾದದ್ದು ಬೆಳಗಿನ ನಂಬರ್ ಅಲ್ಲ, ನಡುವೆ ಎಲ್ಲಿಯವರೆಗೆ ಇಳಿಯಿತು ಅನ್ನುವುದು. ಆ ತಳದ ನಂಬರ್ 80ರಿಂದ 150ರ ಒಳಗೆ ಬರಬೇಕು. ನಮ್ಮದು 251, ಅದಕ್ಕೆ ಡೋಸು 1.5 ಮಾಡಿದರು. ಒಮ್ಮೆ ಬದಲಿಸಿದರೆ ಕನಿಷ್ಠ ಐದಾರು ದಿನ ಮುಟ್ಟಬಾರದು, ಏರಿಸಿದರೂ ಅರ್ಧರ್ಧವೇ. ದಿನದ ನಂಬರ್ ನೋಡಿ ದಿನಕ್ಕೊಂದು ಡೋಸು ಹಾಕಲು ಕೈ ತುರಿಸುತ್ತದೆ. ಹಾಕಬೇಡಿ. ನಾನಿಲ್ಲಿ ಬರೆದ ಡೋಸುಗಳೂ ಕೆಂಚನವು, ನಿಮ್ಮ ಬೆಕ್ಕಿನದ್ದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಏಪ್ರಿಲ್‌ನಲ್ಲಿ ಎಲ್ಲ ಗೋಜಲಾಯಿತು. ಒಂದು ದಿನ ಸಂಜೆ 240, ಮರುದಿನ 390. ಡೋಸು ಅದೇ, ಹೊತ್ತು ಅದೇ. ಹಲ್ಲು, ಕಿವಿ, ಮೂತ್ರ ನೋಡಿದರು. ಎಲ್ಲಾದರೂ ಸೋಂಕಿದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಏನೂ ಸಿಗಲಿಲ್ಲ. ಡೋಸು 2ಕ್ಕೆ ಹೋಯಿತು.

ಊಟವನ್ನು ಮೊದಲೇ ಬದಲಿಸಿದ್ದೆವು. ಕಾಳಿನಂಥ ಒಣ ಆಹಾರದಲ್ಲಿ ಪಿಷ್ಟ ಜಾಸ್ತಿ, ಅದನ್ನು ನಿಲ್ಲಿಸಿ ಪೌಚಿನ ಹಸಿ ಆಹಾರ ಕೊಡುತ್ತಿದ್ದೆ. ಪ್ಯಾಕೆಟ್ ಮೇಲೆ ಪಿಷ್ಟ ಎಷ್ಟು ಅಂತ ಬರೆದಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ನೀರು, ಬೂದಿ (ಖನಿಜಾಂಶ), ಎಲ್ಲ ಕೂಡಿಸಿ 100ರಲ್ಲಿ ಕಳೆದರೆ ಉಳಿಯುವುದೇ ಪಿಷ್ಟ. ನಮ್ಮದು ಮಾಂಸ ತಿನ್ನದ ಮನೆ. ಪೌಚ್ ಒಡೆಯುವುದು ಹಿತ್ತಲಲ್ಲಿ, ಚಮಚ ಬೇರೆ, ತಟ್ಟೆ ಬೇರೆ. ಅತ್ತೆ ಇದನ್ನೆಲ್ಲ ಒಪ್ಪಿಕೊಂಡಿದ್ದರು. ಆದರೆ ಕೆಂಚ ಚಿಕ್ಕಂದಿನಿಂದ ಬೆಳೆದದ್ದು ಅವರ ಕೈಯ ಹಾಲು ರೊಟ್ಟಿ ತಿಂದು. ಮೇ ಮೊದಲ ವಾರ ಶಾಲೆಗೆ ರಜೆಯಿತ್ತು. ಮಧ್ಯಾಹ್ನ ಹಿತ್ತಲಿಗೆ ಹೋದರೆ ಅತ್ತೆ ಬಿಸಿ ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ಕಿವುಚಿ ಬೆರಳಿನಿಂದ ತಿನ್ನಿಸುತ್ತಿದ್ದರು. ಅವನು ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿದ್ದ.

"ಹಸದಾನ ಅಂತ ಒಂದ ತುತ್ತು" ಅಂದರು. ಅವರ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ತಿನ್ನಬೇಕು ಅನ್ನಿಸಿದ್ದನ್ನು ತಿನ್ನದೆ ಹದಿನಾಲ್ಕು ವರ್ಷ ಕಳೆದವರು ಅವರು. ಆವತ್ತಿನಿಂದ ರೊಟ್ಟಿ ನಿಂತಿತು.

ಇಲ್ಲಿಯೇ ನಾನು ದೊಡ್ಡ ತಪ್ಪು ಮಾಡಿದೆ. ರೊಟ್ಟಿ ನಿಂತ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಡೋಸು 2ಕ್ಕೆ ಹೋಗಿದ್ದೇ ರೊಟ್ಟಿಯ ಲೆಕ್ಕದಲ್ಲಿ. ರೊಟ್ಟಿ ಹೋದ ಮೇಲೆ 2 ಜಾಸ್ತಿ ಆಗುತ್ತದೆ ಅಂತ ನನಗೆ ಹೊಳೆಯಲಿಲ್ಲ. ನಾಲ್ಕನೇ ದಿನ ಭಾನುವಾರ ಬೆಳಿಗ್ಗೆ 178 ಬಂತು. ಎಂದೂ ಬಾರದ ನಂಬರ್. ಖುಷಿಯಿಂದ ಎಲ್ಲರಿಗೂ ತೋರಿಸಿ 2 ಯುನಿಟ್ ಹಾಕಿದೆ.

ಮಧ್ಯಾಹ್ನ ಎರಡು ಗಂಟೆ. ಕೂಲರ್ ಮುಂದೆ ಮಲಗಿದ್ದವನನ್ನು ಕರೆದರೆ ಕಿವಿಯನ್ನೂ ಆಡಿಸಲಿಲ್ಲ. ಎತ್ತಿ ನಿಲ್ಲಿಸಿದರೆ ಹಿಂಗಾಲು ಒಂದಕ್ಕೊಂದು ತೊಡರಿ ಪಕ್ಕಕ್ಕೆ ಬಿದ್ದ. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಕಿವಿ ಚುಚ್ಚಿದೆ. 48.

ಅತ್ತೆ ಜೇನಿನ ಬಾಟಲಿ ಹಿಡಿದು ಓಡಿ ಬಂದರು. ಬೆರಳಿಗೆ ಹಚ್ಚಿಕೊಂಡು ತುಟಿ ಸರಿಸಿ ಒಸಡಿಗೆ ಉಜ್ಜಿದೆ. ಬಾಯೊಳಗೆ ಸುರಿಯಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಗಂಡ ಡಾಕ್ಟರಿಗೆ ಫೋನ್ ಹಚ್ಚಿ ನನ್ನ ಕಿವಿಗೆ ಹಿಡಿದಿದ್ದರು. ಹದಿನೈದು ನಿಮಿಷದ ಮೇಲೆ 71. ತಲೆ ಎತ್ತಿದ. ಪೌಚ್ ಇಟ್ಟರೆ ಮೂಸಿ, ನಿಧಾನಕ್ಕೆ ತಿಂದ. ಅಲ್ಲಿಗೆ ಮುಗಿಯಲಿಲ್ಲ. ಜೇನು ಬೇಗ ಕರಗುತ್ತದೆ, ಒಳಗಿನ ಇನ್ಸುಲಿನ್ ಇನ್ನೂ ತಾಸುಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಅರ್ಧರ್ಧ ತಾಸಿಗೆ ನೋಡುತ್ತಾ ಕೂತೆವು. ನಡುವೆ ಒಮ್ಮೆ ಮತ್ತೆ 59ಕ್ಕೆ ಇಳಿದು ಇನ್ನೊಮ್ಮೆ ಜೇನು ಹಚ್ಚಬೇಕಾಯಿತು. ಸಂಜೆ ಏಳಕ್ಕೆ 163. ಸೂಜಿ ಹಾಕಲಿಲ್ಲ. ಫಿಟ್ಸ್ ಬಂದರೆ, ಜೇನಿಗೆ ಏಳದಿದ್ದರೆ ಮನೆಯಲ್ಲಿ ಕೂರಬೇಡಿ, ಒಸಡಿಗೆ ಹಚ್ಚುತ್ತಲೇ ಆಸ್ಪತ್ರೆಗೆ ಹೊರಡಿ.

ಮರುದಿನ ಡೋಸು 1ಕ್ಕೆ ಇಳಿಯಿತು. ಡಾಕ್ಟರು ಎರಡು ಮಾತು ಹೇಳಿದರು. 200ಕ್ಕಿಂತ ಕಡಿಮೆ ಬಂದರೆ ಫೋನ್ ಮಾಡದೆ ಸೂಜಿ ಮುಟ್ಟಬಾರದು. ಊಟ ಬಿಟ್ಟರೂ ಅಷ್ಟೇ, ಊಟದಲ್ಲಿ ಏನೇ ಬದಲಾದರೂ ಅಷ್ಟೇ. ಅಂದಿನಿಂದ ನಮ್ಮ ಪುಸ್ತಕದಲ್ಲಿ ಊಟಕ್ಕೂ ಒಂದು ಕಾಲಂ ಬಂತು. ಮನೆಯಲ್ಲಿ ಯಾರು ಏನು ಕೊಟ್ಟರೂ ಬರೆಯಬೇಕು.

ಬೇಸಿಗೆ ಬಗ್ಗೆ ಒಂದೆರಡು ಮಾತು. ನಮ್ಮ ಕಡೆ 40 ಡಿಗ್ರಿ ದಾಟುತ್ತದೆ, ಕರೆಂಟೂ ಹೋಗುತ್ತದೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಮೇಲಿನ ಐಸಿನ ಖಾನೆಯ ಹತ್ತಿರ ಇಡಬೇಡಿ. ತಾಸುಗಟ್ಟಲೆ ಕರೆಂಟ್ ಹೋದರೆ ನಾನು ಕಾರ್ಟ್ರಿಜ್ ಅನ್ನು ಬಟ್ಟೆಯಲ್ಲಿ ಸುತ್ತಿ, ಐಸ್ ತಾಗದಂತೆ ಥರ್ಮಾಸಿನಲ್ಲಿ ಇಡುತ್ತೇನೆ. ಬಿಚ್ಚಿದ ದಿನಾಂಕ ಬರೆದು 28 ದಿನಕ್ಕೆ ಬದಲಿಸುತ್ತೇನೆ. ಮುಕ್ಕಾಲು ಪಾಲು ಉಳಿದದ್ದನ್ನು ಎಸೆಯಲು ಮನಸ್ಸು ಬರುವುದಿಲ್ಲ, ಆದರೂ ಎಸೆಯುತ್ತೇನೆ. ಬಳಸಿದ ಸೂಜಿ ಗಟ್ಟಿ ಫಿನೈಲ್ ಬಾಟಲಿಗೆ, ತುಂಬಿದ ಮೇಲೆ ಆಸ್ಪತ್ರೆಗೆ. ಕಸದ ಗಾಡಿಗೆ ಹಾಕಬೇಡಿ, ಅವರ ಕೈಗೆ ಚುಚ್ಚುತ್ತದೆ.

ಖರ್ಚು: ಪರೀಕ್ಷೆಗಳೆಲ್ಲ ಸೇರಿ ಮೊದಲ ತಿಂಗಳು ಹತ್ತು ಸಾವಿರ ದಾಟಿತು. ಈಗ ತಿಂಗಳಿಗೆ ಆರು ಸಾವಿರದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪೌಚಿಗೇ. ಇನ್ಸುಲಿನ್ ಆರುನೂರರ ಹತ್ತಿರ, ಉಳಿದದ್ದು ಸ್ಟ್ರಿಪ್ ಮತ್ತು ಸಿರಿಂಜ್.

ಜೂನ್ ಕೊನೆಯಲ್ಲಿ ನೋಡಿದಾಗ ತಳದ ನಂಬರ್ 118. ತೂಕ ಐದೂವರೆ. ಹಿಮ್ಮಡಿ ಊರುವುದು ಕಡಿಮೆಯಾಗಿದೆ. ಕಟ್ಟೆಗೆ ಒಂದೇ ನೆಗೆತಕ್ಕೆ ಆಗುವುದಿಲ್ಲ, ಮಧ್ಯೆ ಒಂದು ಡಬ್ಬ ಇಟ್ಟಿದ್ದೇವೆ. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲುವುದೂ ಉಂಟಂತೆ. ಕೆಂಚನಿಗೆ ಇನ್ನೂ ನಿಂತಿಲ್ಲ.

ಕಳೆದ ವಾರ ಜಮಖಂಡಿಯಲ್ಲಿ ನನ್ನ ತಂಗಿ ಮಗಳ ಮದುವೆ. ರಾತ್ರಿ ಉಳಿಯಲೇಬೇಕಿತ್ತು. ಐದು ತಿಂಗಳಲ್ಲಿ ಒಂದು ಹೊತ್ತೂ ಬಿಟ್ಟು ಹೋಗಿರಲಿಲ್ಲ. ಅತ್ತೆ, "ನಾ ಇರ್ತೇನಿ, ನೀ ಹೋಗಿ ಬಾ" ಅಂದರು. ಅಕ್ಷತೆ ಹೊತ್ತಿಗೂ ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು. ಮರುದಿನ ಮನೆಗೆ ಬಂದು ಮೊದಲು ಪುಸ್ತಕ ತೆಗೆದೆ. ಅವರ ದಪ್ಪ ಅಕ್ಷರದಲ್ಲಿ ಒಂದು ಸಾಲು ಇತ್ತು: "ಸಂಜಿ 7. 236. ಕೇಸರಿ ಸೂಜಿ, 1 ಪಾಯಿಂಟ್. ರೊಟ್ಟಿ ಕೊಟ್ಟಿಲ್ಲ."